ಚಿಟ್ಟೆ ಗೂಡು ಕಟ್ಟುತ್ತಾ?

ಜಗಳ ಶುರುವಾಗಿದ್ದು ಒಂದೇ ಒಂದು ಪದಕ್ಕೆ. ಹನುಮಂತನಗರದ ನಮ್ಮ ಪುಟ್ಟ ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುವ ಕೆಲಸ ನನ್ನದು. ಸಂಬಳ ಇಲ್ಲ, ಕಾಫಿ ಸಿಗುತ್ತದೆ. ಪೇಪರ್ ಓದುವ ಹಿರಿಯರು ಊಟಕ್ಕೆ ಎದ್ದ ಮೇಲೆ ಬೆಂಚುಗಳನ್ನು ಗೋಡೆಗೆ ತಳ್ಳಿ ಚಾಪೆ ಹಾಸುತ್ತೇವೆ. ಅವತ್ತು ಚಿಟ್ಟೆಯ ಪುಸ್ತಕ. ಹುಳ ಗೂಡು ಕಟ್ಟಿಕೊಂಡು ಮಲಗಿತು ಅನ್ನುವ ಪುಟಕ್ಕೆ ಬಂದೆ, ಅಷ್ಟೇ.

"ಆಂಟೀ, ಗೂಡಾದ್ರೆ ದಾರ ಬರಬೇಕಲ್ವಾ?" ಅಂದಳು ಎರಡನೇ ಸಾಲಿನ ಹುಡುಗಿ. ಅವಳ ಅಜ್ಜಿ ಮನೆ ಶಿಡ್ಲಘಟ್ಟದ ಕಡೆ. ರಜೆಯಲ್ಲಿ ರೇಷ್ಮೆ ಹುಳ ಚಂದ್ರಿಕೆಯಲ್ಲಿ, ಅಂದರೆ ಬಿದಿರಿನ ತಟ್ಟೆಯಲ್ಲಿ, ಗೂಡು ಕಟ್ಟುವುದನ್ನು ಕಣ್ಣಾರೆ ನೋಡಿದ್ದಾಳೆ. ಪುಸ್ತಕದ ಚಿತ್ರದಲ್ಲಿ ಒಂದು ಹಸಿರು ಚೀಲದಂಥದ್ದು ಕೊಂಬೆಗೆ ನೇತುಬಿದ್ದಿತ್ತು. ಅದು ಗೂಡೇ ಅಲ್ಲ ಅಂತ ಅವಳು, ಪುಸ್ತಕದಲ್ಲಿ ಬರೆದಿದೆಯಲ್ಲ ಅಂತ ಉಳಿದವರು. ನಾನು ಓದಿದ್ದು ಕಾಮರ್ಸ್. ನನ್ನ ಕಡೆ ತಿರುಗಿದ ಹದಿನಾಲ್ಕು ಮುಖಗಳಿಗೆ ಏನು ಹೇಳಲಿ? ಫೋನ್ ತೆಗೆಯೋಣ ಅನ್ನಿಸಿತು. ತೆಗೆಯಲಿಲ್ಲ.

ಲೈಬ್ರರಿಯ ಹಿಂದೆ ಕುಂಡದಲ್ಲಿ ಒಂದು ಕರಿಬೇವಿನ ಗಿಡ ಇದೆ. ಅದರ ಎಲೆಗಳನ್ನು ಯಾರೋ ತಿಂದುಹಾಕುತ್ತಾರೆ ಅಂತ ನಮ್ಮ ಲೈಬ್ರೇರಿಯನ್ ಮೇಡಂ ವಾರದಿಂದ ಗೊಣಗುತ್ತಿದ್ದರು. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಮೊದಲು ಏನೂ ಕಾಣಲಿಲ್ಲ, ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತಿತ್ತು. ಆ ಹಿಕ್ಕೆ ನಡೆಯಿತು! ಕರಿಬೇವು, ನಿಂಬೆ, ಕಿತ್ತಳೆ ಎಲ್ಲ ಒಂದೇ ಕುಟುಂಬದ ಗಿಡಗಳು, ಅವುಗಳ ಮೇಲೆ ಮೊಟ್ಟೆ ಇಡುವ ಚಿಟ್ಟೆಗಳಿವೆ. ಅವುಗಳ ಮರಿಹುಳ ಚಿಕ್ಕದಿದ್ದಾಗ ಹಿಕ್ಕೆಯ ವೇಷ ಹಾಕುತ್ತದೆ, ಯಾವ ಹಕ್ಕಿಯೂ ತಿನ್ನಬಾರದು ನೋಡಿ. ದೊಡ್ಡದಾದ ಮೇಲೆ ಹಸಿರು. ಕಡ್ಡಿಯಲ್ಲಿ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೊಂಬು ಹೊರಗೆ ಬಂದು ಘಾಟು ವಾಸನೆ ಬರುತ್ತದೆ. ಒಬ್ಬ ತಾಯಿ "ಅಯ್ಯೋ ಕಂಬಳಿಹುಳ, ಕೈ ತುರಿಸುತ್ತೆ!" ಅಂತ ಮಗನನ್ನು ಎಳೆದುಕೊಂಡರು. ಅವನು ಬಗ್ಗಿ ನೋಡಿ ಕೇಳಿದ, "ಕಂಬಳಿ ಎಲ್ಲಿದೆ ಇದಕ್ಕೆ?"

ಆಮೇಲಿನ ಎರಡು ವಾರ ಮಕ್ಕಳು ಶನಿವಾರಕ್ಕೆ ಕಾಯಲಿಲ್ಲ, ಶಾಲೆ ಬಿಟ್ಟ ತಕ್ಷಣ ಬ್ಯಾಗ್ ಸಮೇತ ಬಂದು ಕುಂಡದ ಸುತ್ತ ಕೂರುತ್ತಿದ್ದರು, ಒಬ್ಬರಾದ ಮೇಲೊಬ್ಬರು ಭೂತಗನ್ನಡಿ ಹಿಡಿದು ನೋಡಿದ್ದನ್ನು ಒಂದೇ ನೋಟ್‌ಬುಕ್‌ನಲ್ಲಿ ಬರೆಯಬೇಕು ಅನ್ನುವುದಷ್ಟೇ ನನ್ನ ನಿಯಮ. ಎರಡು ಹುಳ ಕೊಂಬೆಗೆ ಅಂಟಿಕೊಂಡು ಅಲ್ಲಾಡದೆ ಕೂತವು. ಮಾರನೇ ದಿನ ಚರ್ಮ ಕಳಚಿ ಬಿದ್ದಿತ್ತು. ಒಳಗಿದ್ದ ಹೊದಿಕೆಯೇ ಗಟ್ಟಿಯಾಗಿತ್ತು. ಅಂದರೆ ಇದು ಹುಳ ಸುತ್ತಲೂ ಕಟ್ಟಿಕೊಂಡ ಮನೆ ಅಲ್ಲ, ಹುಳದ್ದೇ ಮೈ. ಶಿಡ್ಲಘಟ್ಟದವಳು ಗೆದ್ದಳು ಅನ್ನುವಷ್ಟರಲ್ಲಿ ಭೂತಗನ್ನಡಿ ಹಿಡಿದಿದ್ದ ಹುಡುಗ ಕೂಗಿದ: "ದಾರ ಇದೆ!" ನಿಜ. ಸೊಂಟಕ್ಕೆ ಕಟ್ಟಿದ ಉಡಿದಾರದ ಹಾಗೆ ಒಂದೇ ಒಂದು ಎಳೆ, ಬೀಳದ ಹಾಗೆ ಕೊಂಬೆಗೆ ಬಿಗಿದಿತ್ತು. ಮತ್ತೆ ಜಗಳ. ನನಗಂತೂ ಖುಷಿಯೋ ಖುಷಿ.

ಪಠ್ಯಪುಸ್ತಕ ಇದನ್ನು ಪ್ಯೂಪಾ, ಕೋಶ ಅಂತೆಲ್ಲ ಕರೆಯುತ್ತದೆ. ಕನ್ನಡದಲ್ಲಿ ಹಕ್ಕಿಯದೂ ಗೂಡು, ರೇಷ್ಮೆಯದೂ ಗೂಡು, ಬರೆದವರು ಚಿಟ್ಟೆಗೂ ಅದನ್ನೇ ಹಾಕಿಬಿಟ್ಟಿದ್ದಾರೆ. ಅವರನ್ನು ಬೈಯುವುದಿಲ್ಲ. ಆ ಪದ ಸರಿಯಾಗಿದ್ದರೆ ನಾವು ಕುಂಡದ ಹತ್ತಿರ ಹೋಗುತ್ತಲೇ ಇರಲಿಲ್ಲ, ಅಲ್ವಾ?

ಈಗ ಮಕ್ಕಳು ಪ್ರತಿ ಪುಸ್ತಕದಲ್ಲೂ ತಪ್ಪು ಹುಡುಕುತ್ತಾರೆ. ಇರುವೆಯ ಆರೂ ಕಾಲು ನಡು ಭಾಗದಿಂದಲೇ ಬರಬೇಕು, ಚಿತ್ರದಲ್ಲಿ ಹೊಟ್ಟೆಯಿಂದ ಬಂದಿದ್ದರೆ ಕೂಗು. ಬಾಗಿದ ಚಂದ್ರನ ಒಳಗೆ ನಕ್ಷತ್ರ ಕೂರಿಸಿದ್ದರೆ ಕೂಗು, ಆ ಕತ್ತಲೆ ಭಾಗವೂ ಚಂದ್ರನೇ ಅಲ್ವಾ. ಮಧ್ಯಾಹ್ನ ಅಂದರೆ ಸೂರ್ಯ ನೆತ್ತಿಯ ಮೇಲೆ ಅಂತ ಬರೆದಿದ್ದರೆ ಅದಕ್ಕೂ, ಯಾಕೆಂದರೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ಹನ್ನೆರಡೂಕಾಲರ ಹೊತ್ತಿಗೆ ನೀರಿನ ಬಾಟಲಿ ನಿಲ್ಲಿಸಿ ನೋಡಿ, ನೆರಳು ಅದರ ಬುಡದಲ್ಲೇ ಅಡಗಿರುತ್ತದೆ.

ಪುಸ್ತಕ ಎಲ್ಲಿಂದ ತರ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡದ ವಿಜ್ಞಾನದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ಹಾಕಿಕೊಳ್ಳಬಹುದು. ಇನ್ನೊಂದು ಮಾತು. ನಾವು ಕಟ್ಟುವ ಆಸ್ತಿ ತೆರಿಗೆಯಲ್ಲಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ಹಾಗಾಗಿ ನಿಮ್ಮ ಏರಿಯಾದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಮಕ್ಕಳಿಗೆ ಒಂದು ಮೂಲೆ ಕೊಡಿ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಎರಡು ಪ್ಯೂಪಾ ಅಂದೆನಲ್ಲ. ಒಂದರಿಂದ ಕಪ್ಪು ಚಿಟ್ಟೆ ಬಂತು, ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ತುಂಬಾ ಹೊತ್ತು ಕೂತು ಆಮೇಲೆ ಕಾಂಪೌಂಡ್ ದಾಟಿತು. ಚಪ್ಪಾಳೆ. ಇನ್ನೊಂದು ಕಂದು ಬಣ್ಣಕ್ಕೆ ತಿರುಗಿ ಹಾಗೇ ಇತ್ತು. ಕೊನೆಗೊಂದು ದಿನ ಅದರಲ್ಲಿ ಸೂಜಿ ಚುಚ್ಚಿದಂಥ ತೂತು, ತೂತಿನಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಪುಟಾಣಿ ಕಣಜಗಳು ಒಂದರ ಹಿಂದೆ ಒಂದು. ಅವುಗಳ ಅಮ್ಮ ಪ್ಯೂಪಾ ಇನ್ನೂ ಮೆತ್ತಗಿದ್ದಾಗಲೇ ಚುಚ್ಚಿ ಒಳಗೆ ಮೊಟ್ಟೆ ಇಟ್ಟಿತ್ತು, ಮರಿಗಳು ಒಳಗಿಂದ ತಿಂದೇ ಬೆಳೆದಿದ್ದವು. ಇಬ್ಬರು ಅತ್ತರು. ಒಬ್ಬ "ಛೀ" ಅಂದ. ಶಿಡ್ಲಘಟ್ಟದವಳು ಸುಮ್ನೆ ಎಣಿಸುತ್ತಾ ಕೂತಿದ್ದಳು, ಮೂವತ್ತೊಂದು.

ಆ ಚಿಟ್ಟೆ ಪುಸ್ತಕದಲ್ಲಿ ಕಣಜದ ಪುಟ ಇಲ್ಲ. ಲೈಬ್ರರಿ ಪುಸ್ತಕದ ಮೇಲೆ ಬರೆಯುವ ಹಾಗೂ ಇಲ್ಲ. ಹಾಗಾಗಿ ಮಕ್ಕಳು ಬೇರೆ ಹಾಳೆಯಲ್ಲಿ ಕಂದು ಪ್ಯೂಪಾ, ತೂತು, ಮೂವತ್ತೊಂದು ಚುಕ್ಕಿ ಬರೆದು ಕೊನೆಯ ಪುಟಕ್ಕೆ ಸಿಕ್ಕಿಸಿದ್ದಾರೆ. ಹೋದ ವಾರ ಯಾರೋ ಆ ಪುಸ್ತಕ ಮನೆಗೆ ತೆಗೆದುಕೊಂಡು ಹೋಗಿದ್ದಾರೆ, ಹಾಳೆ ಸಮೇತ.