ಓವನ್ ಇಲ್ಲದ ಮನೆಯಲ್ಲಿ ಮಕ್ಕಳ ಜೊತೆ ಪಿಜ್ಜಾ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅನುಪತ್ಯಕ್ಕೆ, ಅಂದರೆ ಮದುವೆ ಮುಂಜಿಯಂಥ ಸಮಾರಂಭಕ್ಕೆ ಹೋದಲ್ಲಿ, ಶಾಲೆಯ ರಕ್ಷಕರ ಸಭೆಯಲ್ಲಿ, ಬದಿಯಡ್ಕ ಪೇಟೆಯ ಅಂಗಡಿಯಲ್ಲಿ ಮೈದಾ ಕಟ್ಟಿಸುವಾಗ, ಸಿಕ್ಕಿದವರೆಲ್ಲ ನನ್ನ ಹತ್ತಿರ ಕೇಳುವುದು ಇದನ್ನೇ. “ಪಿಜ್ಜಾ ಬೇಕಾದರೆ ಕಾಸರಗೋಡಿಗೆ ಹೋದಾಗ ತಿಂದು ಬಂದರಾಯಿತಲ್ಲ? ಓವನ್ ಸಹ ಇಲ್ಲದ ಮನೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ಹೊತ್ತು ಒದ್ದಾಡುವುದು ಎಂತಕ್ಕೆ ಮಾರಾಯ್ತಿ?” ನಿಂತಲ್ಲೇ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ದೋಸೆಯ ವಿಷಯ ಹೇಳಬೇಕು. ನಮ್ಮ ಕಡೆ ದೋಸೆ ಎಂದರೆ ಕಾವಲಿಯಿಂದ ಎದ್ದದ್ದು ನೇರ ಬಟ್ಟಲಿಗೆ ಬೀಳಬೇಕು. ಎರೆಯುವವಳು ಒಲೆಯ ಬುಡ ಬಿಟ್ಟು ಅಲ್ಲಾಡುವ ಹಾಗಿಲ್ಲ. ನನ್ನ ಅಮ್ಮ ಎಲ್ಲರೂ ತಿಂದು ಎದ್ದ ಮೇಲೆ ಕೊನೆಯ ಹಿಟ್ಟನ್ನು ಬಳಿದು ಎರೆದುಕೊಂಡು ಒಬ್ಬರೇ ಕೂತು ತಿನ್ನುತ್ತಿದ್ದರು. ಅತ್ತೆಯೂ ಹಾಗೆಯೇ ಮಾಡಿಕೊಂಡು ಬಂದವರು, ಮದುವೆಯಾದ ಮೇಲೆ ನಾನೂ. ಚಾವಡಿಯಲ್ಲಿ ಮಕ್ಕಳು ಶಾಲೆಯ ಸುದ್ದಿ ಹೇಳಿ ನಗುತ್ತಿರುತ್ತಾರೆ, ಒಲೆಯ ಹತ್ತಿರ ನಿಂತವಳಿಗೆ ಅರ್ಧ ಕೇಳುತ್ತದೆ, ಅರ್ಧ ಚುಂಯ್ ಶಬ್ದದಲ್ಲಿ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಪಿಜ್ಜಾ ಅಲ್ಲ, ವಾರಕ್ಕೊಂದು ರಾತ್ರಿಯಾದರೂ ಮನೆಯ ಎಲ್ಲರೂ ಒಂದೇ ಹೊತ್ತಿಗೆ ಕೂತು ತಿನ್ನುವ ಊಟ. ಅದು ಪಿಜ್ಜಾದಲ್ಲಿ ಸಿಕ್ಕಿತು.

ಹೇಗೆಂದರೆ, ದೋಸೆಯ ಕೆಲಸವೆಲ್ಲ ಒಲೆಯ ಮೇಲೆ ಪಳಗಿದ ಕೈಯದ್ದು. ಪಿಜ್ಜಾದ ಮುಕ್ಕಾಲು ಕೆಲಸ ಒಲೆಗಿಂತ ಮೊದಲೇ ಮುಗಿಯುತ್ತದೆ. ಅಳೆಯುವುದು, ಕಲಸುವುದು, ನಾದುವುದು, ತಟ್ಟುವುದು, ಮೇಲೆ ಹರಡುವುದು, ಇದರಲ್ಲಿ ಮಕ್ಕಳ ಕೈಗೆ ಆಗದ್ದು ಒಂದೂ ಇಲ್ಲ. ಅದೂ ಆಟದ ಕೆಲಸ ಅಲ್ಲ, ಅವರು ಮಾಡದಿದ್ದರೆ ರಾತ್ರಿ ಊಟ ಇಲ್ಲ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. “ಅಮ್ಮನಿಗೆ ಸಹಾಯ ಮಾಡು” ಎಂದರೆ ಓಡಿಹೋಗುವವರು, “ಹಿಟ್ಟು ನಿನ್ನ ಜವಾಬ್ದಾರಿ” ಎಂದರೆ ಬಂದು ಕೈ ತೊಳೆಯುತ್ತಾರೆ.

ಆರು ಜನಕ್ಕೆ ನಮ್ಮ ಲೆಕ್ಕ ಹೀಗೆ: ಮೈದಾ 300 ಗ್ರಾಂ, ಗೋಧಿ ಹಿಟ್ಟು 200 ಗ್ರಾಂ, ನೀರು ಸುಮಾರು 330 ಮಿಲಿಲೀಟರ್, ಒಣ ಯೀಸ್ಟ್ 7 ಗ್ರಾಂ, ಉಪ್ಪು ಒಂದೂವರೆ ಚಮಚ, ಸಕ್ಕರೆ ಒಂದು ಚಮಚ, ತೆಂಗಿನೆಣ್ಣೆ ಎರಡು ದೊಡ್ಡ ಚಮಚ. ಆಲಿವ್ ಎಣ್ಣೆಯೇ ಬೇಕೆಂದಿಲ್ಲ. ಮಿಲ್ಲಿನಿಂದ ತಂದ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿದರೆ ಬರುವ ಪರಿಮಳ ನಮ್ಮ ನಾಲಿಗೆಗೆ ಒಗ್ಗಿದ್ದು.

ಯೀಸ್ಟ್ ನೆನೆಹಾಕುವುದು ಮಗಳ ಪಾಲಿಗೆ. ನೀರು ಉಗುರು ಬೆಚ್ಚಗಿರಬೇಕು, ಬೆರಳು ಅದ್ದಿದರೆ ಬಿಸಿ ಅನ್ನಿಸಬಾರದು. 60 ಡಿಗ್ರಿಯ ಬಿಸಿ ತಾಗಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಸಕ್ಕರೆ ಕದಡಿ ಯೀಸ್ಟ್ ಉದುರಿಸಿ ಅವಳು ಲೋಟದ ಮೇಲೆಯೇ ಮುಖ ಇಟ್ಟು ಕೂರುತ್ತಾಳೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ, ಹತ್ತು ನಿಮಿಷದಲ್ಲಿ ಕಂದು ನೊರೆಯ ಟೊಪ್ಪಿ. “ಅಮ್ಮಾ, ಉಸಿರಾಡ್ತಾ ಉಂಟು!” ಅಂತ ಕೂಗುತ್ತಾಳೆ. ನಿಜವೇ, ಅದು ಜೀವ ಇರುವ ವಸ್ತು. ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಆ ಗಾಳಿಯೇ ಹಿಟ್ಟನ್ನು ಉಬ್ಬಿಸುವುದು. ಕ್ರಿಶ್ಚಿಯನ್ನರ ಮನೆಯಲ್ಲಿ ಸಾನ್ನಕ್ಕೆ, ಮಲಯಾಳಿಗಳ ಮನೆಯಲ್ಲಿ ಅಪ್ಪಕ್ಕೆ ಕಳ್ಳು ಹಾಕಿ ಉಬ್ಬಿಸುವುದೂ ಇದೇ ಜೀವಿಯ ಕೆಲಸ ಎಂದು ಅವಳಿಗೆ ಹೇಳಿದ್ದೇನೆ. ಉಪ್ಪನ್ನು ಮಾತ್ರ ಈ ನೀರಿಗೆ ಹಾಕದೆ ಹಿಟ್ಟಿಗೆ ಬೆರೆಸಿ.

ನಾದುವುದು ಮಗನ ಪಾಲು. ಹತ್ತು ನಿಮಿಷ ಬಿಡದೆ ನಾದಬೇಕು. ಮುಗಿಯಿತು ಎನ್ನುವಾಗ ಅವನು ನೆಲ್ಲಿಕಾಯಿಯಷ್ಟು ಹಿಟ್ಟು ಹರಿದು, ನಾಲ್ಕು ಬೆರಳಲ್ಲಿ ಮೆಲ್ಲ ಎಳೆದು ಬಲ್ಬಿಗೆ ಹಿಡಿಯುತ್ತಾನೆ. ಹರಿಯದೆ ತೆಳ್ಳಗೆ ಬಂದು ಬೆಳಕು ಮಸುಕಾಗಿ ಕಂಡರೆ ಹಿಟ್ಟು ಹದಕ್ಕೆ ಬಂತು. ಬರೀ ಮೈದಾ ಆದರೆ ಚೆನ್ನಾಗಿ ಎಳೆ ಬರುತ್ತದೆ. ಗೋಧಿಯ ತೌಡು ಆ ಎಳೆಯನ್ನು ಕತ್ತರಿಸುವುದರಿಂದ ನಮ್ಮದು ಸ್ವಲ್ಪ ಬೇಗ ಹರಿಯುತ್ತದೆ. ಆದರೂ ನಾನು ಗೋಧಿ ಬಿಡುವುದಿಲ್ಲ, ರುಚಿಯೂ ಉಂಟು, ಹೊಟ್ಟೆಯೂ ತುಂಬುತ್ತದೆ. ಮತ್ತೆ ಒದ್ದೆ ಬಟ್ಟೆ ಮುಚ್ಚಿ ಇಟ್ಟರೆ ಏಪ್ರಿಲ್ ಸೆಕೆಯಲ್ಲಿ ಮುಕ್ಕಾಲು ಗಂಟೆಗೇ ಎರಡು ಪಟ್ಟು ಆಗಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒಂದೂವರೆ ಗಂಟೆ ಕಾಯಬೇಕು. ಗಡಿಯಾರ ನೋಡಬೇಡಿ, ಹಿಟ್ಟಿಗೆ ಬೆರಳು ಒತ್ತಿ ನೋಡಿ. ಕುಳಿ ನಿಧಾನಕ್ಕೆ, ಅರೆಬರೆ ಮೇಲೆ ಬಂದರೆ ಸಾಕು.

ಮೇಲೆ ಹಾಕುವುದಕ್ಕೆ ಪೇಟೆಯಿಂದ ಬರುವುದು ಚೀಸ್ ಮತ್ತು ಟೊಮೆಟೊ. ಉಳಿದದ್ದಕ್ಕೆ ನಾವು ಹಿತ್ತಿಲು ನೋಡುತ್ತೇವೆ. ಬೇಸಗೆಯ ಮೊದಲಿಗೆ ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಇರುತ್ತದೆ. ಅತ್ತೆ ಕೈಗೆ ಎಣ್ಣೆ ಹಚ್ಚಿಕೊಂಡು ಮೆಟ್ಟುಕತ್ತಿಯಲ್ಲಿ ಕೊರೆದು ಕೊಡುತ್ತಾರೆ (ಆ ಕತ್ತಿ ಮಕ್ಕಳ ಕೈಗೆ ಇಲ್ಲವೇ ಇಲ್ಲ), ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಕಾಳುಮೆಣಸಿನ ಪುಡಿ ಹಾಕಿ ಬಾಡಿಸಿದರೆ ಅದಕ್ಕಿಂತ ಒಳ್ಳೆಯ ಪಿಜ್ಜಾ ನಾನು ಎಲ್ಲಿಯೂ ತಿಂದಿಲ್ಲ. ಹಸಿ ಗೇರುಬೀಜದ ಕಾಲದಲ್ಲಿ ಅದನ್ನೂ ಸೀಳಿ ಇಡುತ್ತೇವೆ. ಒರಿಗಾನೊ ಪ್ಯಾಕೆಟ್ ಮುಗಿದಿದ್ದರೆ ಬಾವಿಕಟ್ಟೆಯ ಹತ್ತಿರದ ಸಾಂಬ್ರಾಣಿ ಸೊಪ್ಪು, ಘಟ್ಟದವರು ದೊಡ್ಡಪತ್ರೆ ಅನ್ನುತ್ತಾರಲ್ಲ ಅದನ್ನು, ಸಣ್ಣಗೆ ಕೊಚ್ಚಿ ಹಾಕಿ. ಎರಡರ ಪರಿಮಳಕ್ಕೂ ಕಾರ್ವಕ್ರೋಲ್ ಎಂಬ ಒಂದೇ ಸತ್ವ ಕಾರಣ. ಹಸಿ ಎಲೆ ಖಾರ, ಒಂದು ಪಿಜ್ಜಾಕ್ಕೆ ಎರಡು ಎಲೆ ಸಾಕು.

ಟೊಮೆಟೊವನ್ನು ಬೆಳ್ಳುಳ್ಳಿ ಹಾಕಿ ಗಟ್ಟಿಯಾಗುವಷ್ಟು ಬತ್ತಿಸಿ, ನೀರು ಉಳಿದರೆ ರೊಟ್ಟಿ ಮೆತ್ತಗಾಗುತ್ತದೆ. ಚೀಸ್ ಮೊಝರೆಲ್ಲಾ ಸಿಕ್ಕಿದರೆ ಒಳ್ಳೆಯದು. ಬಿಸಿನೀರಲ್ಲಿ ಎಳೆದೆಳೆದು ಮಾಡುವ ಚೀಸ್ ಅದು, ಹಾಗಾಗಿ ಕರಗಿದಾಗಲೂ ನೂಲಿನಂತೆ ಏಳುತ್ತದೆ. ಮಕ್ಕಳಿಗೆ ಬೇಕಾದದ್ದೇ ಆ ನೂಲು.

ಇನ್ನು ಓವನ್. ಪಿಜ್ಜಾದ ಊರು ಇಟಲಿಯ ನೇಪಲ್ಸ್. ಅಲ್ಲಿ ಪಿಜ್ಜಾ ತಟ್ಟಿ ಸುಡುವವರ ವಿದ್ಯೆಯನ್ನು 2017ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸೌದೆ ಉರಿಯುವ ಗುಮ್ಮಟದಂಥ ಒಲೆ, ಒಳಗೆ 450 ಡಿಗ್ರಿಯ ಹತ್ತಿರ ಬಿಸಿ, ಒಂದೂವರೆ ನಿಮಿಷದೊಳಗೆ ಬೆಂದು ಹೊರಗೆ. ಅಡಿಯ ಕಲ್ಲು ಕೆಳಗಿಂದ ಬೇಯಿಸುತ್ತದೆ, ಗುಮ್ಮಟ ಮೇಲಿಂದ. ನಾನು ಇದನ್ನು ಮಕ್ಕಳಿಗೆ ಹೇಳುವಾಗ ಅತ್ತೆ ಅಲ್ಲೇ ಕೂತು ಕಾಯಿ ತುರಿಯುತ್ತಿದ್ದರು. “ಅದು ನಮ್ಮ ಗೆಂಡದಡ್ಯೆಯ ಹಾಗೆಯೇ ಆಯ್ತಲ್ಲ. ಮೇಲಿಂದ ಕೆಂಡ ಇಡದೆ ನೀನು ಕಾವಲಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಮೇಲಿನದ್ದು ಬೇಯುವುದು ಹೇಗೆ?” ಅಂದರು. ಅಕ್ಕಿ ಹಿಟ್ಟನ್ನು ಪಾತ್ರೆಗೆ ಹೊಯ್ದು ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವ ಅಡ್ಯೆಯನ್ನು ಅವರು ಸಣ್ಣದಿರುವಾಗಿಂದ ಮಾಡಿದವರು.

ಹಾಗೆ ನಮ್ಮ ಪಿಜ್ಜಾ ಅಂಗಳಕ್ಕೆ ಇಳಿಯಿತು. ಬಚ್ಚಲ ಒಲೆಯಲ್ಲಿ ಗೆರಟೆ (ತೆಂಗಿನ ಚಿಪ್ಪು) ಉರಿದು ಕೆಂಪು ಕೆಂಡ ಆದಾಗ ಮಕ್ಕಳ ಅಪ್ಪ ಇಕ್ಕುಳದಲ್ಲಿ ತಂದು ಬೀಡಿನ ಕಾವಲಿಯ ಕಬ್ಬಿಣದ ಮುಚ್ಚಳದ ಮೇಲೆ ಹರಡುತ್ತಾರೆ. ನಾಲ್ಕೈದು ನಿಮಿಷ ಬಿಟ್ಟು ಮುಚ್ಚಳ ಎತ್ತಿದರೆ ಚೀಸ್ ಅಲ್ಲಲ್ಲಿ ಕಂದು ಬೊಬ್ಬೆ ಎದ್ದು ಕುದಿಯುತ್ತಿರುತ್ತದೆ, ಅಂಚು ಗರಿಗರಿ. ಈ ಕೆಲಸ ಬಯಲಲ್ಲೇ ಆಗಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಅಪಾಯ. ಮಳೆಗಾಲದಲ್ಲಿ, ಅಥವಾ ಫ್ಲ್ಯಾಟಿನವರಿಗೆ, ಗ್ಯಾಸ್ ಒಲೆಯ ದಾರಿ ಉಂಟು. ತಟ್ಟಿದ ರೊಟ್ಟಿಯನ್ನು ಒಂದು ಬದಿ ಕಾಯಿಸಿ, ಮಗುಚಿ, ಕಾದ ಬದಿಗೆ ಟೊಮೆಟೊ, ತರಕಾರಿ, ಚೀಸ್ ಹಾಕಿ. ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿ ಸಣ್ಣ ಉರಿಯಲ್ಲಿಡಿ, ಆವಿಗೆ ಚೀಸ್ ಕರಗುತ್ತದೆ. ಕಂದು ಬಣ್ಣ ಬರುವುದಿಲ್ಲ, ರುಚಿಗೆ ಕೊರತೆ ಇಲ್ಲ.

ಇಲ್ಲಿ ಒಬ್ಬರು ಒಲೆಯ ಬುಡದಲ್ಲಿ ಸಿಕ್ಕಿಬೀಳುವ ಸಂಭವ ಮತ್ತೆ ಬರುತ್ತದೆ, ಒಂದೊಂದಾಗಿ ಬೇಯುವುದರಿಂದ. ಅದಕ್ಕೆ ನಾವು ಎರಡು ಉಪಾಯ ಮಾಡಿದ್ದೇವೆ. ಆರೂ ರೊಟ್ಟಿಗಳ ಒಂದು ಬದಿಯನ್ನು ಮೊದಲೇ ಕಾಯಿಸಿ ಇಡುವುದು. ಮತ್ತೆ, ಯಾರ ಪಿಜ್ಜಾವೂ ಅವರೊಬ್ಬರದ್ದಲ್ಲ. ಒಲೆಯ ಪಕ್ಕದಲ್ಲೇ ಚಾಪೆ ಹಾಸಿ ಎಲ್ಲರೂ ಕೂರುತ್ತೇವೆ, ಎದ್ದದ್ದನ್ನು ಆರು ತುಂಡು ಮಾಡಿ ಹಂಚುತ್ತೇವೆ. ತಿನ್ನುತ್ತಿರುವಾಗ ಮುಂದಿನದ್ದು ಬೇಯುತ್ತಿರುತ್ತದೆ, ಅದನ್ನು ಇಳಿಸುವ ಸರದಿ ದೊಡ್ಡವರದ್ದು, ಒಬ್ಬೊಬ್ಬರಿಗೆ ಒಂದೊಂದು. ಈಗ ಮನೆಯಲ್ಲಿ ಕೊನೆಗೆ ಒಬ್ಬರೇ ತಿನ್ನುವವರು ಯಾರೂ ಇಲ್ಲ. ಮಾವ ಮೊದಮೊದಲು “ನನಗೆ ಗಂಜಿ ಸಾಕು” ಎನ್ನುತ್ತಿದ್ದರು. ಮೊಮ್ಮಗಳು ಅಜ್ಜನ ಹೆಸರಿನ ಮೊದಲಕ್ಷರವನ್ನು ನೀರುಳ್ಳಿ ಎಸಳಲ್ಲಿ ಬರೆದು ತಂದ ದಿನದಿಂದ ಅವರೂ ಚಾಪೆಯಲ್ಲಿದ್ದಾರೆ, ಗಂಜಿ ಆಮೇಲೆ ಉಣ್ಣುತ್ತಾರೆ.

ಹಂಚುವುದರಲ್ಲಿ ಇನ್ನೊಂದು ಲಾಭ ಕಂಡೆ. ಬಟ್ಟಲಿಗೆ ಬಡಿಸಿದ ದೊಣ್ಣೆಮೆಣಸನ್ನು ಹೆಕ್ಕಿ ಬದಿಗಿಡುವ ಮಗ, ತಾನೇ ಹೆಚ್ಚಿ ಸುತ್ತಲೂ ಇಟ್ಟದ್ದನ್ನು ಎಲ್ಲರಿಗೂ ಹಂಚಿ, ಎಲ್ಲರ ಮುಖ ನೋಡಿ, ತಾನೂ ತಿನ್ನುತ್ತಾನೆ. ಮಕ್ಕಳು ಇಟ್ಟದ್ದನ್ನು ದಯವಿಟ್ಟು ಸರಿಮಾಡಲು ಹೋಗಬೇಡಿ. ಒಂದೇ ಕಡೆ ರಾಶಿ ಹಾಕಲಿ, ಅನಾನಸಿನ ಪಕ್ಕ ಬೆಳ್ಳುಳ್ಳಿ ಇಡಲಿ. ನೀವು ಬೆರಳಲ್ಲಿ ಒಂದು ತುಂಡು ಸರಿಸಿದಿರೋ, ಅದು ನಿಮ್ಮ ಪಿಜ್ಜಾ ಆಗಿಬಿಡುತ್ತದೆ.

ಯಾವ ವಯಸ್ಸಿಗೆ ಯಾವ ಕೆಲಸ ಎಂದೂ ಕೇಳುತ್ತಾರೆ. ಮೂರು ನಾಲ್ಕು ವರ್ಷದವರು ಚೀಸ್ ಉದುರಿಸಲಿ, ಸೊಪ್ಪು ಚಿವುಟಲಿ. ಶಾಲೆಗೆ ಹೋಗುವವರು ತೂಗಲಿ, ನಾದಲಿ, ಸಣ್ಣ ಚಾಕುವಿನಲ್ಲಿ ಮೆತ್ತಗಿನದ್ದು ಹೆಚ್ಚಲಿ. ಬೆಂಕಿ ಮತ್ತು ಕೆಂಡ ಹತ್ತು ಹನ್ನೆರಡು ದಾಟುವವರೆಗೆ ದೊಡ್ಡವರದ್ದೇ. ಪಾತ್ರೆ ತೊಳೆಯುವ ಕೆಲಸ ಎಲ್ಲ ವಯಸ್ಸಿಗೂ ಸಲ್ಲುತ್ತದೆ. ಹಿಟ್ಟು ಹಿಡಿದ ಪಾತ್ರೆಗೆ ಬಿಸಿನೀರು ಹಾಕಬೇಡಿ, ಅಂಟು ಬೆಂದು ಇನ್ನೂ ಗಟ್ಟಿ ಹಿಡಿಯುತ್ತದೆ. ತಣ್ಣೀರಲ್ಲಿ ನೆನೆಹಾಕಿ, ನಾರಿನಲ್ಲಿ ತಿಕ್ಕಿದರೆ ಬಿಡುತ್ತದೆ.