ಎಷ್ಟು ಗಂಟೆ ಮಲಗಿದರೆ ಸಾಕು, ಡಾಕ್ಟ್ರೇ?

ಬಿಪಿ ನೋಡಿಸಿಕೊಂಡು, ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಏಳುವ ಹೊತ್ತಿಗೆ ಕೇಳುತ್ತಾರೆ: "ಡಾಕ್ಟ್ರೇ, ದಿನಕ್ಕೆ ಎಷ್ಟು ಗಂಟೆ ನಿದ್ದೆ ಬೇಕು? ಆರು ಸಾಕಲ್ವಾ?" ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರದ್ದೂ ಇದೇ ಪ್ರಶ್ನೆ. ಮುಕ್ಕಾಲು ಜನ ಈ "ಆರು ಸಾಕಲ್ವಾ" ಅನ್ನುವ ಬಾಲ ಸೇರಿಸಿಯೇ ಕೇಳುತ್ತಾರೆ. ಹೌದು ಅಂದುಬಿಟ್ಟರೆ ಅವರಿಗೆ ಸಮಾಧಾನ. ಆದರೆ ನನಗೆ ಹಾಗನ್ನಲು ಆಗುವುದಿಲ್ಲ.

ದೊಡ್ಡವರಿಗೆ ಏಳು ಗಂಟೆಗಿಂತ ಕಡಿಮೆ ಆಗಬಾರದು. ಅಮೆರಿಕದ ನಿದ್ರಾ ತಜ್ಞರ ಎರಡು ಸಂಘಗಳು 2015ರಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದೂ ಇದನ್ನೇ. ಕೆಲವರಿಗೆ ಎಂಟು ಬೇಕು, ಕೆಲವರಿಗೆ ಒಂಬತ್ತು. ಹೈಸ್ಕೂಲು, ಪಿಯುಸಿ ಮಕ್ಕಳಿಗೆ 8ರಿಂದ 10 ಗಂಟೆ. ಅದಕ್ಕಿಂತ ಚಿಕ್ಕ ಶಾಲೆ ಮಕ್ಕಳಿಗೆ 9ರಿಂದ 12. ಇದು ಕಣ್ಣು ಮುಚ್ಚಿ ನಿದ್ದೆ ಹೋದ ಹೊತ್ತಿನ ಲೆಕ್ಕ. ಹಾಸಿಗೆಯಲ್ಲಿ ಮಗ್ಗುಲಾಗಿ ಮೊಬೈಲ್ ನೋಡಿದ್ದು ಇದರಲ್ಲಿ ಸೇರುವುದಿಲ್ಲ.

"ನನಗೆ ಆರರಲ್ಲೇ ಚೆನ್ನಾಗಿ ನಡೀತಿದೆ" ಅನ್ನುವವರಿಗೆ ನಾನು ಯಾವಾಗಲೂ ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದು, ಪ್ರಕಟವಾದದ್ದು 2003ರಲ್ಲಿ. ಆರೋಗ್ಯವಾಗಿರುವ ಜನರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ರಾತ್ರಿ 8 ಗಂಟೆ ಮಲಗಲು ಬಿಟ್ಟರು, ಇನ್ನೊಂದಕ್ಕೆ 6, ಮತ್ತೊಂದಕ್ಕೆ 4. ಹೀಗೆ 14 ರಾತ್ರಿ. ಹಗಲಲ್ಲಿ ಅವರಿಗೊಂದು ಸಣ್ಣ ಪರೀಕ್ಷೆ: ಪರದೆ ಮೇಲೆ ಅಂಕಿ ಕಂಡ ತಕ್ಷಣ ಗುಂಡಿ ಒತ್ತಬೇಕು, ಅಷ್ಟೇ. ಎಂಟು ಗಂಟೆಯವರು ಸರಿಯಾಗೇ ಇದ್ದರು. ಆರು ಗಂಟೆಯವರ ಕೈ ದಿನದಿನಕ್ಕೆ ತಡವಾಗುತ್ತಾ ಹೋಯಿತು. ಎರಡು ವಾರ ಮುಗಿಯುವ ಹೊತ್ತಿಗೆ ಅವರು ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟೇ ತಪ್ಪುತ್ತಿದ್ದರು. ಆದರೆ "ನಿಮಗೆ ಎಷ್ಟು ನಿದ್ದೆ ಬರ್ತಿದೆ?" ಅಂತ ಅವರನ್ನೇ ಕೇಳಿದಾಗ, ಮೊದಮೊದಲು ಸ್ವಲ್ಪ ಜಾಸ್ತಿ ಅಂದವರು ಆಮೇಲೆ ಅದೇ ಮಟ್ಟದಲ್ಲಿ ನಿಂತುಬಿಟ್ಟರು. ಕೆಲಸ ಕೆಡುತ್ತಲೇ ಇತ್ತು, ಅದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ನನ್ನ ಉತ್ತರವೆಲ್ಲ ನಿಂತಿರುವುದು ಇದರ ಮೇಲೆ. ನಿದ್ದೆ ಕಡಿಮೆಯಾದ ತಲೆಯನ್ನೇ "ನಿನಗೆ ನಿದ್ದೆ ಸಾಕಾ?" ಅಂತ ಕೇಳಿ ಪ್ರಯೋಜನವಿಲ್ಲ. ಹುಟ್ಟಿನಿಂದಲೇ ಕಡಿಮೆ ನಿದ್ದೆ ಸಾಕಾಗುವ ಜನ ಇದ್ದಾರೆ, ಅದಕ್ಕೆ ಕಾರಣವಾದ ಒಂದು ಜೀನನ್ನು 2009ರಲ್ಲಿ ಗುರುತಿಸಿದ್ದಾರೆ ಕೂಡ. ಆದರೆ ಅಂಥವರು ತೀರಾ ಅಪರೂಪ. ನೀವು ಅವರಲ್ಲಿ ಒಬ್ಬರು ಅಂದುಕೊಂಡು ಸ್ಟೀರಿಂಗ್ ಹಿಡಿಯಬೇಡಿ, ದಯವಿಟ್ಟು.

ಹಾಗಾದರೆ ತಿಳಿಯುವುದು ಹೇಗೆ? ರಾತ್ರಿಯನ್ನು ಬಿಟ್ಟು ಹಗಲನ್ನು ನೋಡಿ. ಎಪ್‌ವರ್ತ್ ಅನ್ನುವ ಎಂಟು ಪ್ರಶ್ನೆಗಳ ಪಟ್ಟಿಯೊಂದಿದೆ, ಆಸ್ಟ್ರೇಲಿಯಾದ ವೈದ್ಯರೊಬ್ಬರು 1991ರಲ್ಲಿ ಮಾಡಿದ್ದು. ಕೂತು ಓದುವಾಗ ತೂಕಡಿಕೆ ಬರುತ್ತಾ? ಟಿವಿ ಮುಂದೆ? ಊಟವಾದ ಮೇಲೆ ಸುಮ್ನೆ ಕೂತಾಗ? ಯಾರ ಜೊತೆಗಾದರೂ ಮಾತಾಡುತ್ತಿರುವಾಗ? ಹೀಗೆ ಎಂಟು ಸಂದರ್ಭ. ಬರುವುದೇ ಇಲ್ಲ ಅಂದರೆ ಸೊನ್ನೆ, ಖಂಡಿತ ಬರುತ್ತೆ ಅಂದರೆ ಮೂರು. ಒಟ್ಟು ಹತ್ತು ದಾಟಿದರೆ ವೈದ್ಯರ ಹತ್ತಿರ ಮಾತಾಡಿ. ಇನ್ನೊಂದು ಗುರುತು: ಭಾನುವಾರ ಅಲಾರಾಂ ಇಲ್ಲದಿದ್ದರೆ ಎರಡು ಗಂಟೆ ಜಾಸ್ತಿ ಮಲಗುತ್ತೀರಾ? ಹಾಗಿದ್ದರೆ ವಾರವೆಲ್ಲ ಕಮ್ಮಿ ಬಿದ್ದಿದೆ ಅಂತಲೇ ಅರ್ಥ. ಎದ್ದ ಮೊದಲ ಅರ್ಧ ಗಂಟೆಯ ಮಂಪರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಚೆನ್ನಾಗಿ ಮಲಗಿದವರಿಗೂ ಅದಿರುತ್ತದೆ.

ನಿಮ್ಮ ಸ್ವಂತ ಲೆಕ್ಕ ಸಿಗಬೇಕೆಂದರೆ ರಜೆಯಲ್ಲಿ ಊರಿಗೆ ಹೋದಾಗ ಅಲಾರಾಂ ಇಡದೆ, ದಿನಾ ಒಂದೇ ಹೊತ್ತಿಗೆ ಮಲಗಿ ನೋಡಿ. ಮೊದಲ ಕೆಲವು ದಿನ ಜಾಸ್ತಿ ಮಲಗುತ್ತೀರಿ. ಆಮೇಲೆ ಏಳುವ ಹೊತ್ತು ತಾನಾಗೇ ಒಂದು ಕಡೆ ನಿಲ್ಲುತ್ತದೆ. ಅದೇ ನಿಮ್ಮ ಅಳತೆ.

ಇನ್ನು ಕೆಲವರದು ಬೇರೆಯೇ ಕಥೆ. "ಎಂಟು ಗಂಟೆ ಮಲಗ್ತೀನಿ ಸಾರ್, ಆದ್ರೂ ಬೆಳಿಗ್ಗೆ ಸುಸ್ತು" ಅನ್ನುತ್ತಾರೆ. ಅಂಥವರ ಜೊತೆ ಮನೆಯವರು ಬಂದಿದ್ದರೆ ನಾನು ಮೊದಲು ಅವರನ್ನೇ ಕೇಳುವುದು: ಗೊರಕೆ ಇದೆಯಾ? ಗೊರಕೆ ನಡುವೆ ನಿಲ್ಲುತ್ತಾ? ಹೆಂಡತಿ ಮೆಲ್ಲಗೆ ಹೇಳುತ್ತಾರೆ, "ನಿಲ್ಲತ್ತೆ ಡಾಕ್ಟ್ರೇ. ಉಸಿರೇ ಇಲ್ವೇನೋ ಅನ್ನಿಸತ್ತೆ. ನಾನು ಎದ್ದು ಕೂತು ನೋಡ್ತೀನಿ. ಆಮೇಲೆ ಏನೋ ಗಂಟಲಿಗೆ ಸಿಕ್ಕಿಕೊಂಡವರ ಹಾಗೆ ಒಂದ್ಸಲ ಉಸಿರು ಎಳ್ಕೊಂಡು ಮತ್ತೆ ಶುರು ಮಾಡ್ತಾರೆ." ಗಂಡನಿಗೆ ಇದರ ನೆನಪೇ ಇರುವುದಿಲ್ಲ. ಇದು ಸ್ಲೀಪ್ ಆಪ್ನಿಯ. ಗಂಟಲಿನ ದಾರಿ ಮುಚ್ಚಿಕೊಂಡು ಹತ್ತು ಸೆಕೆಂಡಿಗೂ ಜಾಸ್ತಿ ಉಸಿರು ನಿಲ್ಲುತ್ತದೆ. ಪ್ರತಿ ಸಲವೂ ಮಿದುಳು ಅರೆ ಎಚ್ಚರವಾಗಿ ಉಸಿರಾಟ ಶುರು ಮಾಡಿಸಬೇಕು. ರಾತ್ರಿಯೆಲ್ಲ ಹೀಗಾದರೆ ಎಂಟಲ್ಲ, ಹತ್ತು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ. ಬಿಪಿಯೂ ಏರುತ್ತದೆ. ಸ್ಲೀಪ್ ಸ್ಟಡಿ, ಅಂದರೆ ಮಲಗಿದ್ದಾಗ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿದರೆ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ. ಜೋರು ಗೊರಕೆ ಅಂದರೆ ಗಾಢ ನಿದ್ದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದನ್ನು ಬಿಟ್ಟುಬಿಡಿ. ಗೊರಕೆ ಇಲ್ಲದೆಯೂ ಸುಸ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ರಾತ್ರಿ ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಮದ್ಯ ಬೇಗ ನಿದ್ದೆ ಬರಿಸುತ್ತದೆ, ಆದರೆ ಬೆಳಗಿನ ಜಾವದ ನಿದ್ದೆ ಕೆಡಿಸುತ್ತದೆ.

ಏಳು ಗಂಟೆ ಮಲಗಿ ಅಂತ ಎಲ್ಲರಿಗೂ ಹೇಳುವುದು ಸುಲಭ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಏನು ಮಾಡಬೇಕು? ಹನ್ನೊಂದಕ್ಕೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ, ನೀರು ಹಾಯಿಸಿ, ವಾಪಸ್ ಬಂದು ಮಲಗುವಾಗ ಮೂರು ದಾಟಿರುತ್ತದೆ. ಐದಕ್ಕೆ ಹಾಲು ಕರೆದು ಡೈರಿಗೆ ಹಾಕಬೇಕು. ಅವರಿಗೆ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಅನ್ನುತ್ತೇನೆ. ನಿದ್ದೆಯ ಒಂದು ಸುತ್ತು ಮುಗಿಯಲು ಹೆಚ್ಚುಕಮ್ಮಿ ಅಷ್ಟು ಹೊತ್ತು ಬೇಕು. ಹಗಲು ನಿದ್ದೆಯನ್ನು ಬೇಡವೆನ್ನುವ ಚರಕ ಸಂಹಿತೆ ಕೂಡ ಬೇಸಿಗೆಯಲ್ಲಿ, ಮತ್ತು ರಾತ್ರಿ ಎಚ್ಚರವಿದ್ದು ದಣಿದವರಿಗೆ ಯಾವ ಕಾಲದಲ್ಲೂ ಅದಕ್ಕೆ ಅವಕಾಶ ಕೊಟ್ಟಿದೆ. ರಾತ್ರಿ ಪಾಳಿಯ ನರ್ಸುಗಳಿಗೆ, ಬಸ್ ಡ್ರೈವರುಗಳಿಗೆ, ಎಳೆ ಮಗುವಿನ ತಾಯಂದಿರಿಗೆ ನಾನು ಹೇಳುವುದೂ ಇದನ್ನೇ. ಉಳಿದವರಿಗೆ ಇಪ್ಪತ್ತು ನಿಮಿಷ ಸಾಕು, ಅದೂ ಮೂರು ಗಂಟೆಯೊಳಗೆ.

ನನಗೆ ನಿಜಕ್ಕೂ ಕೋಪ ಬರುವುದು ಮಕ್ಕಳ ವಿಷಯದಲ್ಲಿ. ಬೆಳಿಗ್ಗೆ ಐದೂವರೆಗೆ ಟ್ಯೂಷನ್, ರಾತ್ರಿ ಹನ್ನೊಂದೂವರೆವರೆಗೆ ಹೋಂವರ್ಕ್. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ಬೇಗ ಮಲಗು ಅಂದರೂ ಅವರಿಗೆ ನಿದ್ದೆ ಬರುವುದಿಲ್ಲ. ಅದು ಸೋಮಾರಿತನ ಅಲ್ಲ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಕನಸಿನ ನಿದ್ದೆಯ ಹೆಚ್ಚು ಪಾಲು ಇರುವುದು ರಾತ್ರಿಯ ಕೊನೆಗೆ. ಜಾವದಲ್ಲಿ ಎಬ್ಬಿಸಿದರೆ ನಾವು ಕತ್ತರಿಸುವುದು ಅದನ್ನೇ. ಅಪ್ಪ ಅಮ್ಮಂದಿರೇ, ಪರೀಕ್ಷೆಯ ತಿಂಗಳಲ್ಲಾದರೂ ಮಕ್ಕಳನ್ನು ಮಲಗಲು ಬಿಡಿ.

ಕಾಫಿ ಬಗ್ಗೆಯೂ ಕೇಳುತ್ತೀರಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಮಧ್ಯಾಹ್ನಕ್ಕೆ ಮುಗಿಸಿ.

ಕೊನೆಗೆ ಹಿರಿಯರು. "ನಮ್ಮಪ್ಪ ಮೂರೂವರೆಗೇ ಎದ್ದು ಕೂತ್ಕೋತಾರೆ, ಒಂದು ಮಾತ್ರೆ ಬರ್ಕೊಡಿ" ಅಂತ ಮಕ್ಕಳು ಕರೆದುಕೊಂಡು ಬರುತ್ತಾರೆ. ಮಲಗೋದು ಎಷ್ಟಕ್ಕೆ ಅಂದರೆ ಎಂಟೂವರೆಗೆ. ಏಳು ಗಂಟೆ ಆಗಿದೆಯಲ್ಲ! ವಯಸ್ಸಾದಂತೆ ನಿದ್ದೆ ಹಗುರವಾಗುತ್ತದೆ, ಬೇಗ ಬಂದು ಬೇಗ ಮುಗಿಯುತ್ತದೆ. ಅವರನ್ನು ಹತ್ತರವರೆಗೆ ಮಾತಾಡಿಸುತ್ತಾ ಕೂರಿಸಿಕೊಳ್ಳಿ, ಸಂಜೆ ಬಿಸಿಲಲ್ಲಿ ಸ್ವಲ್ಪ ಅಡ್ಡಾಡಿಸಿ. ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ಮಾತ್ರ ತರಬೇಡಿ. ಅದರ ಮಂಪರಿನಲ್ಲಿ ಬಚ್ಚಲಿಗೆ ಹೋಗಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡವರನ್ನು ನಾನು ನೋಡಿದ್ದೇನೆ.