ಲೀಲಾವತಿಯವರ ಸೋಲದೇವನಹಳ್ಳಿಯಲ್ಲಿ ಒಂದು ಬೆಳಗು

ಬೆಂಗಳೂರಿನ ಸುತ್ತ ಸೋಲದೇವನಹಳ್ಳಿ ಎಂಬ ಹೆಸರಿನ ಊರುಗಳು ಎರಡಿವೆ. ಒಂದು ಚಿಕ್ಕಬಾಣಾವರದ ಪಕ್ಕದ್ದು. ಇನ್ನೊಂದು ನೆಲಮಂಗಲ ತಾಲ್ಲೂಕಿನದು. ನಟಿ ಲೀಲಾವತಿಯವರು ತೋಟ ಮಾಡಿಕೊಂಡು ಬಾಳಿದ್ದು ಈ ಎರಡನೆಯದರಲ್ಲಿ. ಮೆಜೆಸ್ಟಿಕ್‌ನಿಂದ ತುಮಕೂರು ರಸ್ತೆಯಲ್ಲಿ ಸಾಗಿ ನೆಲಮಂಗಲದಲ್ಲಿ ಇಳಿದು ಆಟೋ ಹತ್ತಿದಾಗ, ಊರಿನ ಹೆಸರು ಹೇಳುತ್ತಿದ್ದಂತೆಯೇ ಚಾಲಕರು, "ಲೀಲಾವತಮ್ಮನೋರ ಆಸ್ಪತ್ರೆ ಹತ್ರಾನಾ ಸಾರ್?" ಎಂದು ಕೇಳಿದರು. ಅವರು ಸಿನಿಮಾದ ಮಾತೆತ್ತದೆ ಆಸ್ಪತ್ರೆಯನ್ನೇ ಗುರುತಾಗಿ ಹೇಳಿದ್ದು ನನ್ನ ಮನಸ್ಸಿಗೆ ನಾಟಿತು.

ನನ್ನ ನೆನಪಿನಲ್ಲಿದ್ದುದಾದರೋ 1972ರ 'ನಾಗರಹಾವು' ಚಿತ್ರದ ತುಂಗಮ್ಮ, ಊರೆಲ್ಲ ದೂರುವ ರಾಮಾಚಾರಿಯನ್ನು ಅಕ್ಕರೆಯಿಂದ ಕಾಣುವ ಚಾಮಯ್ಯ ಮೇಷ್ಟ್ರ ಮಡದಿ. ಬೆಳ್ತಂಗಡಿಯಲ್ಲಿ ಹುಟ್ಟಿ, ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು, ಮಹಾಲಿಂಗ ಭಾಗವತರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ ಈ ಹೆಣ್ಣುಮಗಳು 1958ರ 'ಮಾಂಗಲ್ಯ ಯೋಗ'ದಲ್ಲಿ ನಾಯಕಿಯಾದರು. 1960ರ 'ರಾಣಿ ಹೊನ್ನಮ್ಮ'ದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿಯಾದರು. ಆಮೇಲೆ ತಾಯಿಯ, ಅತ್ತೆಯ ಪಾತ್ರಗಳು ಬಂದವು. 1969ರ 'ಗೆಜ್ಜೆ ಪೂಜೆ'ಯ ತಾಯಿಯ ಪಾತ್ರದಲ್ಲಿ ಅವರು ತೋರಿದ ಸಂಕಟ, ನಾಯಕಿಯ ಪಾತ್ರಗಳೆಲ್ಲವನ್ನೂ ಮೀರಿಸುವಂಥದ್ದು ಎಂದೇ ನನ್ನ ಅಭಿಪ್ರಾಯ.

ಹಳ್ಳಿಯವರು ಚಿಕಿತ್ಸೆಗಾಗಿ ಪಡುತ್ತಿದ್ದ ಪಾಡನ್ನು ಕಣ್ಣಾರೆ ಕಂಡಿದ್ದ ಅವರು, ತಮ್ಮ ದುಡಿಮೆಯ ಹಣದಿಂದ ಇಲ್ಲಿ ಆಸ್ಪತ್ರೆ ಕಟ್ಟಿಸಿದರು. ಅಷ್ಟಕ್ಕೇ ನಿಲ್ಲದೆ, ಮಗ ವಿನೋದ್ ರಾಜ್ ಅವರೊಡನೆ ಸೇರಿ ದನಕರುಗಳಿಗಾಗಿ ಪಶು ಆಸ್ಪತ್ರೆಯನ್ನೂ ಕಟ್ಟಿಸಿದರು. 2023ರಲ್ಲಿ ಅದರ ಉದ್ಘಾಟನೆಯಾದಾಗ ಅವರು ಹಾಸಿಗೆ ಹಿಡಿದಿದ್ದರು. ಕೆಲವೇ ದಿನಗಳಲ್ಲಿ, ಡಿಸೆಂಬರ್ 8ರಂದು, ತೀರಿಕೊಂಡರು. ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆದದ್ದು ಅವರೇ ಬೆವರು ಸುರಿಸಿ ಬೆಳೆಸಿದ ಇದೇ ತೋಟದಲ್ಲಿ.

ಸಮಾಧಿಗೆ ಕೈಮುಗಿದು ಹಿಂದಿರುಗುವಾಗ, ಸೀಮೆಹಸುವೊಂದರ ಹಗ್ಗ ಹಿಡಿದು ನಿಧಾನವಾಗಿ ಬರುತ್ತಿದ್ದ ವಯಸ್ಸಾದ ರೈತರೊಬ್ಬರು ಎದುರಾದರು. ಹಸುವಿನ ಕೆಚ್ಚಲು ಒಂದು ಬದಿಗೆ ಊದಿ ಕೆಂಪಾಗಿತ್ತು. ಹಿಂಗಾಲನ್ನು ಅಗಲಿಸಿ ಅಗಲಿಸಿ ಇಡುತ್ತಿತ್ತು. "ಏನಾಗಿದೆ ಯಜಮಾನ್ರೇ?" ಎಂದೆ. "ಕೆಚ್ಚಲು ಬಾವು ಸ್ವಾಮಿ, ಎರಡು ದಿನದಿಂದ ಕರೆಯೋಕೆ ಬಿಡ್ತಿಲ್ಲ. ಅಮ್ಮನ ಆಸ್ಪತ್ರೆ ಇದೆಯಲ್ಲ, ಸೂಜಿ ಹಾಕಿಸ್ಕೊಂಡು ಬರ್ತೀನಿ" ಎಂದು ಅವರು ಹಸುವಿನ ಬೆನ್ನು ಸವರುತ್ತ ಮುಂದಕ್ಕೆ ಹೋದರು.